ನಿದ್ರಾಜನಕ ಔಷಧ ಕೊಟ್ಟ ಇಲಿ ನಿಜವಾಗಿ ನಿದ್ರಿಸುತ್ತದೆಯೇ?

ಡಯಜೆಪಾಮ್ (ಆತಂಕ ತಗ್ಗಿಸಿ ಮಂಪರು ತರಿಸುವ ಮದ್ದು) ಅಥವಾ ಪೆಂಟೊಬಾರ್ಬಿಟಾಲ್ (ಹೆಚ್ಚು ಪ್ರಮಾಣದಲ್ಲಿ ಅರಿವಳಿಕೆಯಾಗುವ ಮದ್ದು) ಕೊಟ್ಟ ಇಲಿ ಅಲ್ಲಾಡದೆ ಬಿದ್ದುಕೊಂಡರೆ ಅದನ್ನು ನಿದ್ರೆ ಎನ್ನಬಹುದೇ, ನಾವು ಪರೀಕ್ಷಿಸುತ್ತಿರುವ ಸಸ್ಯಸಾರವು ಪೆಂಟೊಬಾರ್ಬಿಟಾಲ್ ನಿದ್ರಾವಧಿಯನ್ನು ಹೆಚ್ಚಿಸಿದರೆ ಅದು ನಿದ್ರೆ ತರಿಸುತ್ತದೆ ಎಂದು ಪ್ರಬಂಧದಲ್ಲಿ ಬರೆಯಬಹುದೇ ಎಂದು ನೀವು ಕೇಳಿದ್ದೀರಿ. ವಿಜಯಪುರದಲ್ಲಿ ಫಾರ್ಮಸಿ ವಿದ್ಯಾರ್ಥಿಗಳಿಗೆ ಫಾರ್ಮಕಾಲಜಿ ಕಲಿಸುವ ನಾನು ಎಂ.ಫಾರ್ಮ್ ಪ್ರಬಂಧಗಳಲ್ಲಿ ಇದೇ ಗೊಂದಲವನ್ನು ಮತ್ತೆ ಮತ್ತೆ ಕಾಣುತ್ತೇನೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. ಎರಡೂ ಪ್ರಶ್ನೆಗಳಿಗೆ ಚಿಕ್ಕ ಉತ್ತರ: ಅಷ್ಟರಿಂದಲೇ ಹಾಗೆನ್ನಲು ಬರುವುದಿಲ್ಲ.

ಇಲಿ ರಾತ್ರಿ ಓಡಾಡುವ ಪ್ರಾಣಿ. 12 ಗಂಟೆ ಬೆಳಕು, 12 ಗಂಟೆ ಕತ್ತಲೆಯ ಕ್ರಮದಲ್ಲಿ ಸಾಕಿದ ಇಲಿ ಬೆಳಕಿನ ಹೊತ್ತಿನಲ್ಲೇ ಹೆಚ್ಚು ಮಲಗುತ್ತದೆ, ಅದೂ ನಮ್ಮಂತೆ ಒಂದೇ ಸಮನೆ ಅಲ್ಲ, ತುಂಡುತುಂಡಾಗಿ. ಮನುಷ್ಯನಲ್ಲಿ ಸುಮಾರು 90 ನಿಮಿಷ ಹಿಡಿಯುವ ನಿದ್ರಾಚಕ್ರ ಇಲಿಯಲ್ಲಿ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಇದನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು. ಅರಿವಳಿಕೆ ಕೊಟ್ಟು ತಲೆಬುರುಡೆಯಲ್ಲಿ ಸಣ್ಣ ಸ್ಕ್ರೂ ವಿದ್ಯುದಗ್ರಗಳನ್ನೂ ಕತ್ತಿನ ಸ್ನಾಯುವಿನಲ್ಲಿ ತಂತಿಗಳನ್ನೂ ಕೂರಿಸಿ, ಗಾಯ ಮಾಯುವವರೆಗೆ ಕಾದು, ಬಳಿಕ ಮಿದುಳು ಮತ್ತು ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಒಟ್ಟಿಗೆ ದಾಖಲಿಸಿ, ಆ ದಾಖಲೆಯನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಓದಬೇಕಾಗುತ್ತದೆ. ಎಚ್ಚರದಲ್ಲಿ ಅಲೆಗಳು ಚಿಕ್ಕವು, ಚುರುಕು, ಸ್ನಾಯು ಬಿಗಿಯಾಗಿರುತ್ತದೆ. ಗಾಢನಿದ್ರೆಯಲ್ಲಿ 4 ಹರ್ಟ್ಸ್‌ಗಿಂತ ಕಡಿಮೆ ವೇಗದ, ಎತ್ತರವಾದ ಅಲೆಗಳು ಬರುತ್ತವೆ. ಕಣ್ಣುಗುಡ್ಡೆಗಳು ಚುರುಕಾಗಿ ಚಲಿಸುವ ಆರ್‌ಇಎಂ ನಿದ್ರೆಯಲ್ಲಿ 6ರಿಂದ 9 ಹರ್ಟ್ಸ್‌ನ ಥೀಟಾ ಅಲೆಗಳು ಒಂದೇ ಲಯದಲ್ಲಿ ಸಾಗುತ್ತಿರುವಾಗ ಕತ್ತಿನ ಸ್ನಾಯುವಿನ ಗೆರೆ ಹೆಚ್ಚುಕಡಿಮೆ ಚಪ್ಪಟೆಯಾಗುತ್ತದೆ.

ಇಂಥ ಇಲಿಗೆ ಡಯಜೆಪಾಮ್ ಕೊಟ್ಟರೆ ಅದು ಬೇಗ ನಿದ್ರೆಗೆ ಜಾರುತ್ತದೆ, ಎಚ್ಚರದ ಹೊತ್ತು ಇಳಿಯುತ್ತದೆ. ಆದರೆ ಆ ನಿದ್ರೆಯೊಳಗಿನ ಅಲೆಗಳನ್ನು ನೋಡಿದರೆ ಚಿತ್ರವೇ ಬೇರೆ: ನಿಧಾನದ ಅಲೆಗಳ ಎತ್ತರ ತಗ್ಗಿರುತ್ತದೆ, ವೇಗದ ಅಲೆಗಳು ಹೆಚ್ಚಿರುತ್ತವೆ, ಆರ್‌ಇಎಂ ನಿದ್ರೆ ತಡವಾಗಿ ಬರುತ್ತದೆ ಅಥವಾ ಕಡಿಮೆಯಾಗುತ್ತದೆ. ಔಷಧವಿಲ್ಲದೆ ನಿದ್ದೆಗೆಟ್ಟ ಇಲಿಯಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಎಷ್ಟು ನಿದ್ದೆಗೆಟ್ಟಿತ್ತೋ ಅಷ್ಟು ಎತ್ತರದ ನಿಧಾನದ ಅಲೆಗಳು ಮರುನಿದ್ರೆಯಲ್ಲಿ ಮೂಡುತ್ತವೆ. ನರಕೋಶಗಳನ್ನು ಸುಮ್ಮನಾಗಿಸುವ ಗಾಬಾ ಎಂಬ ರಾಸಾಯನಿಕ ಬಂದು ಕೂರುವ ಗಾಬಾ-ಎ ಗ್ರಾಹಿಯ ಕ್ಲೋರೈಡ್ ದ್ವಾರ ಹೆಚ್ಚು ಬಾರಿ ತೆರೆಯುವಂತೆ ಮಾಡುವ ಡಯಜೆಪಾಮ್ ನಿದ್ರೆಯ ಹೊತ್ತನ್ನು ಹೆಚ್ಚಿಸಿದರೂ ಅದರ ಒಳರಚನೆಯನ್ನು ಬದಲಿಸುತ್ತದೆ. 2001ರಲ್ಲಿ ಪ್ರಕಟವಾದ, ಇಲಿಗಳ (ರ‍್ಯಾಟ್) ಬದಲು ಚಿಕ್ಕಿಲಿಗಳ (ಮೌಸ್) ಮೇಲೆ ನಡೆದ ಒಂದು ಪ್ರಯೋಗ ಇಲ್ಲಿ ಬಹಳ ಮುಖ್ಯ. ಗಾಬಾ-ಎ ಗ್ರಾಹಿಯ ಆಲ್ಫಾ-1 ಉಪಘಟಕಕ್ಕೆ ಡಯಜೆಪಾಮ್ ತಾಗದಂತೆ ವಂಶವಾಹಿಯನ್ನು ಬದಲಿಸಿದ ಚಿಕ್ಕಿಲಿಗಳಲ್ಲಿ ಈ ಔಷಧ ಓಡಾಟವನ್ನು ತಗ್ಗಿಸುವುದಿಲ್ಲವೆಂದು ಅದಾಗಲೇ ಗೊತ್ತಿತ್ತು. ಆದರೂ ನಿದ್ರೆಯ ಅಲೆಗಳಲ್ಲಿ ಅದು ತರುವ ಬದಲಾವಣೆಗಳು ಅವುಗಳಲ್ಲಿಯೂ ಉಳಿದವು. ಮಂಕು ಕವಿಯುವುದೂ ನಿದ್ರೆ ಬದಲಾಗುವುದೂ ಬೇರೆ ಬೇರೆ ದಾರಿಗಳಲ್ಲಿ ನಡೆಯಬಲ್ಲವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲವೆಂದು ನನ್ನ ಭಾವನೆ.

ಇನ್ನು ಪೆಂಟೊಬಾರ್ಬಿಟಾಲ್ ಪರೀಕ್ಷೆ. ಚುಚ್ಚುಮದ್ದಿನ ಕೆಲವೇ ನಿಮಿಷಗಳಲ್ಲಿ ಇಲಿಯ ಹಿಂಗಾಲುಗಳು ಸಡಿಲಗೊಂಡು ನಡಿಗೆ ಓಲಾಡುತ್ತದೆ. ಅಂಗಾತ ಹಾಕಿದರೂ ಹೊರಳುವುದಿಲ್ಲ, ಆಗ ಸ್ಟಾಪ್‌ವಾಚ್ ಒತ್ತುತ್ತೇವೆ. ಬಹಳ ಹೊತ್ತಿನ ಮೇಲೆ ಮೀಸೆ ಅಲುಗುತ್ತದೆ, ತಲೆ ಒಂದು ಪಕ್ಕಕ್ಕೆ ವಾಲುತ್ತದೆ, ಮುಂಗಾಲುಗಳು ಆಸರೆಗೆ ತಡಕಾಡುತ್ತವೆ, ಕೊನೆಗೆ ಮೈ ಹೊರಳಿಸಿ ನಾಲ್ಕೂ ಕಾಲೂರಿ ನಿಲ್ಲುತ್ತದೆ. ಈ ನಡುವಿನ ಅವಧಿಗೆ ನಿದ್ರಾವಧಿ ಎಂದು ಹೆಸರಿಟ್ಟಿದ್ದೇವೆ. ಆದರೆ ಸಹಜವಾಗಿ ಮಲಗಿರುವ ಇಲಿಯನ್ನು ಹೀಗೆ ಅಂಗಾತ ಹಾಕಿ ನೋಡಿ, ತಕ್ಷಣ ಎಚ್ಚೆತ್ತು ಹೊರಳುತ್ತದೆ. ತಟ್ಟಿದರೆ ಏಳುವುದು ನಿದ್ರೆಯ ಲಕ್ಷಣ; ಈ ಪರೀಕ್ಷೆಯಲ್ಲಿ ಅಳೆಯುವುದು ಅರಿವಳಿಕೆಗೆ ಹತ್ತಿರವಾದ ಸ್ಥಿತಿ.

ನಿಮ್ಮ ಸಸ್ಯಸಾರಕ್ಕೆ ಇನ್ನೂ ಒಂದು ತೊಡಕಿದೆ. ಪೆಂಟೊಬಾರ್ಬಿಟಾಲ್ ಯಕೃತ್ತಿನ ಕಿಣ್ವಗಳಿಂದ ವಿಭಜನೆಯಾಗುತ್ತದೆ. ಆ ಕಿಣ್ವಗಳನ್ನು ತಡೆಯುವ ಯಾವುದೇ ವಸ್ತು, ಮಿದುಳನ್ನು ಮುಟ್ಟದೆ ಹೋದರೂ, ನಿದ್ರಾವಧಿಯನ್ನು ಉದ್ದ ಮಾಡುತ್ತದೆ. ಕೆಲವು ದಿನ ಫಿನೊಬಾರ್ಬಿಟಾಲ್ ಕೊಟ್ಟು ಕಿಣ್ವಗಳನ್ನು ಹೆಚ್ಚಿಸಿದ ಇಲಿಯಲ್ಲಿ ಅದೇ ಅವಧಿ ಗಿಡ್ಡವಾಗುತ್ತದೆ. ಆದ್ದರಿಂದ ಬಹುಪಾಲು ಬದಲಾಗದೆ ಮೂತ್ರದ ಮೂಲಕ ಹೊರಹೋಗುವ ಬಾರ್ಬಿಟಾಲ್ ಜೊತೆಗೂ ಪರೀಕ್ಷಿಸಿ. ಸ್ನಾಯುಸಡಿಲಿಕೆಯನ್ನು ಬೇರ್ಪಡಿಸಲು ರೋಟರಾಡ್ (ತಿರುಗುವ ಕೋಲಿನ ಮೇಲೆ ಇಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುವ ಉಪಕರಣ) ಬೇಕು. ಇಲಿ ಬೆಳಕಿನ ಕಿರಣಗಳನ್ನು ಎಷ್ಟು ಬಾರಿ ಅಡ್ಡಹಾಯುತ್ತದೆಂದು ಎಣಿಸುವ ಆಕ್ಟೊಫೋಟೊಮೀಟರ್‌ನ ಎಣಿಕೆ ಓಡಾಟ ಕಡಿಮೆಯಾಯಿತೆಂದಷ್ಟೇ ಹೇಳುತ್ತದೆ. ಹೊಟ್ಟೆನೋವಿನಿಂದ ಮುದುಡಿ ಕುಳಿತ ಇಲಿಯೂ ಅದರಲ್ಲಿ ಕಡಿಮೆ ಎಣಿಕೆಯನ್ನೇ ಕೊಡುತ್ತದೆ.

ಎಲ್ಲ ಔಷಧಗಳೂ ಡಯಜೆಪಾಮ್‌ನಂತಲ್ಲ. ಡೆಕ್ಸ್‌ಮೆಡೆಟೊಮಿಡಿನ್ ಎಂಬ ಮಂಪರು ಮದ್ದು ಮಿದುಳುಕಾಂಡದಲ್ಲಿ ಎಚ್ಚರಕ್ಕೆ ನೆರವಾಗುವ ಲೋಕಸ್ ಸೆರೂಲಿಯಸ್ ಎಂಬ ಭಾಗದ ನರಕೋಶಗಳನ್ನು ಸುಮ್ಮನಾಗಿಸಿ, ಸಹಜ ಗಾಢನಿದ್ರೆಯ ದಾರಿಯನ್ನೇ ಬಹುಮಟ್ಟಿಗೆ ಹಿಡಿಯುತ್ತದೆಂದು ಇಲಿಗಳಲ್ಲಿ ಕಂಡಿದೆ. 24 ಗಂಟೆ ನಿದ್ದೆಗೆಡಿಸಿದ ಇಲಿಗಳು ಪ್ರೊಪೊಫಾಲ್ ಅರಿವಳಿಕೆಯಲ್ಲಿಯೂ ನಿದ್ರೆಯ ಕೊರತೆಯನ್ನು ತುಂಬಿಕೊಂಡವೆಂದು 2004ರ ಅಧ್ಯಯನವೊಂದು ತೋರಿಸಿತು. ಎಚ್ಚರವನ್ನು ಕಾಯುವ ಒರೆಕ್ಸಿನ್ ಎಂಬ ಮಿದುಳಿನ ರಾಸಾಯನಿಕಕ್ಕೆ ಅಡ್ಡಬರುವ ಆಲ್ಮೊರೆಕ್ಸಾಂಟ್‌ನಂಥ ಔಷಧಗಳು ಆರ್‌ಇಎಂ ನಿದ್ರೆಯನ್ನೂ ಉಳಿಸುತ್ತವೆ.

ನಮ್ಮ ಕಡೆಯವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಬೆಳಿಗ್ಗೆ ಹತ್ತಕ್ಕೆ ಔಷಧ ಕೊಟ್ಟರೆ ಇಲಿ ಹೇಗೂ ಮಲಗುವ ಹೊತ್ತದು, ಹೆಚ್ಚುವರಿ ನಿದ್ರೆ ಕಾಣಲು ಜಾಗವೇ ಇರುವುದಿಲ್ಲ. ಕತ್ತಲೆಯ ಅವಧಿ ಶುರುವಾದಾಗ ಕೊಟ್ಟರೆ ಪರಿಣಾಮ ಎದ್ದು ಕಾಣುತ್ತದೆ. ಏಪ್ರಿಲ್-ಮೇ ತಿಂಗಳ ವಿಜಯಪುರದಲ್ಲಿ ಕರೆಂಟು ಹೋಗಿ ಪ್ರಾಣಿಗೃಹದ ಎ.ಸಿ. ನಿಂತರೆ ಸೆಖೆಯೊಂದೇ ನಿದ್ರೆಯನ್ನು ಕದಡುತ್ತದೆ, ಮತ್ತೆ ಕರೆಂಟು ಬಂದಾಗ ಹೊತ್ತಲ್ಲದ ಹೊತ್ತಿನಲ್ಲಿ ದೀಪ ಹತ್ತಿದರೆ ಬೆಳಕಿನ ಕ್ರಮವೂ ಕೆಡುತ್ತದೆ. ಕೋಣೆಯ ಉಷ್ಣಾಂಶ ಮತ್ತು ದೀಪದ ವೇಳೆಯನ್ನು ದಿನವೂ ಬರೆದಿಡಿ. ಬರೀ ದ್ರಾವಕ ಚುಚ್ಚಿದ ಗುಂಪನ್ನು ಅದೇ ದಿನ, ಅದೇ ವೇಳೆಗೆ ಇಟ್ಟುಕೊಳ್ಳಿ, ಏಕೆಂದರೆ ಹಿಡಿದು ಚುಚ್ಚುವುದರಿಂದಲೇ ಇಲಿಗೆ ಎಚ್ಚರವಾಗುತ್ತದೆ.

ವಿದ್ಯುತ್ ದಾಖಲಾತಿಯ ಸೌಲಭ್ಯ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಪ್ರಬಂಧಕ್ಕೇನೂ ಕುಂದಿಲ್ಲ. ಸಾರವು ಪೆಂಟೊಬಾರ್ಬಿಟಾಲ್‌ನ ನಿದ್ರಾವಧಿಯನ್ನು ಹೆಚ್ಚಿಸಿತು, ಬಾರ್ಬಿಟಾಲ್‌ನೊಂದಿಗೆ ಹೀಗಾಯಿತು, ರೋಟರಾಡ್‌ನಲ್ಲಿ ಹೀಗಾಯಿತು ಎಂದು ಕಂಡದ್ದನ್ನು ಕಂಡಷ್ಟೇ ಬರೆಯಿರಿ. ಉಪಸಂಹಾರದಲ್ಲಿ ನಿದ್ರಾಹೀನತೆಗೆ ಮದ್ದು ಎಂಬ ಸಾಲನ್ನು ಮಾತ್ರ ಸೇರಿಸಬೇಡಿ.