ಪಾಚಿ ಮಕ್ಕಳೂ ಮಣ್ಣಿನ ಮಕ್ಕಳೇ, ಮೇಷ್ಟ್ರೇ

ಹೊನ್ನಾವರ ಕಡೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರ ಪತ್ರ:

“ಕಳೆದ ಸಂಚಿಕೆಯಲ್ಲಿ ಫಿನ್ಲೆಂಡಿನ ಶಿಲ್ಪಿ ಕಿಮ್ ಸಿಮೊನ್ಸನ್ ಮಾಡಿದ, ಪಾಚಿ ಹೊದ್ದಂತಿರುವ ಹಸಿರು ಮಕ್ಕಳ ಚಿತ್ರ ಹಾಕಿ, ಕೆಳಗೆ ‘ಪಿಂಗಾಣಿ ಶಿಲ್ಪ’ ಎಂದು ಬರೆದಿದ್ದೀರಿ. ಮೈತುಂಬ ಕಾಣುವುದು ನೈಲಾನ್ ಎಳೆ. ಇದರಲ್ಲಿ ಮಣ್ಣು ಎಲ್ಲಿ, ಬೆಂಕಿ ಎಲ್ಲಿ? ಗಾಜಿನಂಥ ಗ್ಲೇಜ್ ಹಾಕಿ ಸುಡುವ ಧೈರ್ಯವಿಲ್ಲದವರು ಅಂಟು ಬಳಿದು ವೆಲ್ವೆಟ್ ಉದುರಿಸಿದ ಹಾಗಿದೆ. ಇದನ್ನೇ ಫೈಬರ್ ಗ್ಲಾಸಿನಲ್ಲಿ ಎರಕ ಹೊಯ್ದರೆ ಏನು ವ್ಯತ್ಯಾಸ? ಮಣ್ಣಿನ ಕೆಲಸಕ್ಕೆ ಒಂದು ಪ್ರಾಮಾಣಿಕತೆ ಬೇಡವೇ?”

ಮೇಷ್ಟ್ರೇ, ಪತ್ರ ಚೆನ್ನಾಗಿದೆ. ಸಿಟ್ಟು ಇನ್ನೂ ಚೆನ್ನಾಗಿದೆ. ಶಿಲ್ಪ ಯಾವುದರಿಂದ ಆಗಿದೆ ಎಂದು ಸಿಟ್ಟು ಮಾಡಿಕೊಳ್ಳುವ ಓದುಗರು ಅಪರೂಪ. ‘ಏನರ್ಥ’ ಎಂದು ಕೇಳುವವರೇ ಹೆಚ್ಚು.

ನಿಮ್ಮ ಪಕ್ಷದ ಮಾತನ್ನು ಮೊದಲು ಒಪ್ಪಿಬಿಡುತ್ತೇನೆ. ಗ್ಲೇಜ್ ಬೆಂಕಿಯ ಕೈಬರಹ, ನಿಜ. ಅದನ್ನು ಕಾಡಿನ ಮಕ್ಕಳ ಮೇಲೆ ನೋಡಬೇಕೆಂದರೆ ಶಿಲ್ಪಿ ಕ್ಲಾರಾ ಕ್ರಿಸ್ಟಲೋವಾ ಇದ್ದಾರೆ. 1967ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಸ್ವೀಡನ್ನಿಗೆ ಬಂದವರು. ಸ್ಟಾಕ್‌ಹೋಮಿನ ಉತ್ತರಕ್ಕಿರುವ ನೋರ್‌ಟೆಲ್ಯೆಯಲ್ಲಿ ಕೆಲಸ ಮಾಡುತ್ತಾರೆ. ಅವರ ಹುಡುಗಿಯರ ಮೈಯಲ್ಲಿ ಕೊಂಬೆ ಚಿಗುರುತ್ತದೆ, ಮುಖ ಪತಂಗವಾಗುತ್ತದೆ, ಗ್ಲೇಜ್ ಕೆನ್ನೆಯ ಮೇಲೆ ಅತ್ತ ಹಾಗೆ ಇಳಿದು ನಿಲ್ಲುತ್ತದೆ. ಗ್ಲೇಜ್ ಎಂದರೆ ಕರಗಿದ ಗಾಜು. ತಗ್ಗು ಸಿಕ್ಕಲ್ಲಿ ತುಂಬಿಕೊಳ್ಳುತ್ತದೆ, ಏರಿನಲ್ಲಿ ತೆಳುವಾಗುತ್ತದೆ. ಒಂದು ಮಿಲಿಮೀಟರ್ ದಪ್ಪ ಬಿದ್ದರೂ ಸಣ್ಣ ಮುಖದ ರೆಪ್ಪೆಗೆರೆ ಮುಳುಗಿತು. ಕ್ರಿಸ್ಟಲೋವಾ ಆ ಮುಳುಗುವಿಕೆಯನ್ನೇ ಭಾವವಾಗಿ ಬಳಸಿಕೊಳ್ಳುತ್ತಾರೆ. ಚೆಂದವಾಗಿದೆ, ತಕರಾರಿಲ್ಲ.

ಆದರೆ ಮಣ್ಣಿನ ಪ್ರಾಮಾಣಿಕತೆ ತೊಗಲಿನಲ್ಲಿದೆ ಎನ್ನುವ ನಿಮ್ಮ ನಂಬಿಕೆ ಇದೆಯಲ್ಲ, ಅದಕ್ಕೆ ನನ್ನ ತಕರಾರು. ಅದು ಇರುವುದು ಗೋಡೆಯ ದಪ್ಪದಲ್ಲಿ, ಕಣಕಾಲಿನಲ್ಲಿ, ಕತ್ತಿನ ಬೆಸುಗೆಯಲ್ಲಿ. ಸ್ವಲ್ಪ ತಾಳ್ಮೆಯಿಂದ ಓದಿ. ಮಕ್ಕಳಿಗೆ ಅಷ್ಟು ವರ್ಷ ಪೆನ್ಸಿಲ್ ಹಿಡಿಸಿದವರಿಗೆ ತಾಳ್ಮೆಯ ಪಾಠ ಹೇಳುತ್ತಿರುವುದಕ್ಕೆ ಕ್ಷಮೆ ಇರಲಿ.

ಮೀಟರ್ ಎತ್ತರದ ಒಂದು ಮಗುವನ್ನು ಸ್ಟೋನ್‌ವೇರ್ ಮಣ್ಣಿನಲ್ಲಿ, ಎಂದರೆ ಹೆಚ್ಚು ಶಾಖದಲ್ಲಿ ಸುಟ್ಟು ಕಲ್ಲಿನಂತೆ ಗಟ್ಟಿಯಾಗುವ ಮಣ್ಣಿನಲ್ಲಿ, ಮಾಡಬೇಕು ಎಂದಿಟ್ಟುಕೊಳ್ಳಿ. ನುಣ್ಣನೆ ಜೇಡಿಯಲ್ಲಿ ಆಗುವುದಿಲ್ಲ. ಸುಟ್ಟ ಮಣ್ಣನ್ನು ಕುಟ್ಟಿದ ಪುಡಿ, ಗ್ರಾಗ್ ಅನ್ನುತ್ತಾರೆ, ನೂರಕ್ಕೆ 25ರಿಂದ 40 ಪಾಲು ಸೇರಿರಬೇಕು. ಆ ಕಾಳು ಒಮ್ಮೆ ಬೆಂದು ಕುಗ್ಗಿದ್ದು, ಮತ್ತೆ ಅಷ್ಟಾಗಿ ಕುಗ್ಗುವುದಿಲ್ಲ. ಜೊತೆಗೆ ಒಳಗಿನ ನೀರು ಹೊರಬರಲು ಸಂದು ಬಿಡುತ್ತದೆ. ಒಳಗೆ ಟೊಳ್ಳು, ಗೋಡೆ ಒಂದರಿಂದ ಒಂದೂವರೆ ಸೆಂಟಿಮೀಟರ್. ಚಕ್ಕುಲಿ ಸುತ್ತಿದ ಹಾಗೆ ಮಣ್ಣಿನ ಸುರುಳಿ ಸುತ್ತುತ್ತ, ಒಳಗೂ ಹೊರಗೂ ತೀಡಿ ಬೆಸೆಯುತ್ತ ಪಾದದಿಂದ ಮೇಲೇರಬೇಕು. ದಿನಕ್ಕೆ ಒಂದು ಗೇಣು ಏರಿದರೆ ಹೆಚ್ಚು. ಆತುರಪಟ್ಟರೆ ಕೆಳಗಿನ ಹಸಿ ಮಣ್ಣು ಮೇಲಿನ ಭಾರಕ್ಕೆ ಹೊಟ್ಟೆ ಬಿಡುತ್ತದೆ. ನಾಳೆ ಸುರುಳಿ ಕೂರಬೇಕಾದ ಅಂಚಿಗೆ ಒದ್ದೆ ಬಟ್ಟೆ, ಕೆಳಗಿನ ಭಾಗಕ್ಕೆ ಗಾಳಿ.

ಇಲ್ಲಿ ನಿಮ್ಮ ಫೈಬರ್ ಗ್ಲಾಸಿಗೆ ಉತ್ತರವಿದೆ. ಫೈಬರ್ ಗ್ಲಾಸಿನ ಬೊಂಬೆಯೊಳಗೆ ಕಬ್ಬಿಣದ ಸರಳು ಹೋಗುತ್ತದೆ. ಒಂಟಿ ಕಾಲಿನ ಹೆಬ್ಬೆರಳ ಮೇಲೆ ಬೇಕಾದರೂ ನಿಲ್ಲಿಸಿ. ಸುಡುವ ಮಣ್ಣಿನೊಳಗೆ ಸರಳು ಇಡುವಂತಿಲ್ಲ. ಒಣಗುವಾಗ ಮಣ್ಣು ಕುಗ್ಗುತ್ತದೆ, ಸರಳು ಕುಗ್ಗುವುದಿಲ್ಲ. ಬೆಂಕಿಯಲ್ಲಿ ಸರಳು ಹಿಗ್ಗುತ್ತದೆ, ಮಣ್ಣು ಬಿರಿಯುತ್ತದೆ. ಹಾಗಾಗಿ ಮಗುವಿನ ಭಾರವೆಲ್ಲ ಎರಡು ಕಣಕಾಲಿನ ಮೇಲೆ. ಅದೂ ಮಗು ಎಂದರೆ ತಲೆಯೇ ಭಾರ. ದೊಡ್ಡವರ ಎತ್ತರದಲ್ಲಿ ತಲೆ ಏಳೂವರೆಯಲ್ಲಿ ಒಂದು ಪಾಲಾದರೆ, ನಾಲ್ಕೈದು ವರ್ಷದ ಮಗುವಿನಲ್ಲಿ ಐದೂವರೆಯಲ್ಲಿ ಒಂದು ಪಾಲು. ಇದು ನಿಮಗೆ ನಾನು ಹೇಳಬೇಕಾದ್ದಲ್ಲ. ಈ ಜಾತಿಯ ಶಿಲ್ಪಗಳಲ್ಲಿ ದಪ್ಪ ಬೂಟು, ನೆಲಮುಟ್ಟುವ ಅಂಗಿ, ಒರಗಲು ಮರದ ಬೊಡ್ಡೆ ಏಕೆ ಮತ್ತೆ ಮತ್ತೆ ಬರುತ್ತವೆ ಅಂದುಕೊಂಡಿರಿ? ಕಥೆಗಾಗಿ ಮಾತ್ರವಲ್ಲ. ಆ ನಿಲುವನ್ನು ಮಣ್ಣು ಕೇಳಿ ಪಡೆದದ್ದು. ನೈಲಾನ್ ಹೊದಿಸಿದ ಮೇಲೂ ಅದು ಕಾಣುತ್ತದೆ, ನೋಡುವ ಕಣ್ಣಿಗೆ.

ತಲೆಯನ್ನು ಬೇರೆಯಾಗಿ ಮಾಡಿ ಕೂರಿಸುವವರೇ ಹೆಚ್ಚು. ತಲೆ ಮತ್ತು ಕತ್ತು ಒಂದೇ ಹದದಲ್ಲಿರಬೇಕು: ಒತ್ತಿದರೆ ತಗ್ಗಬಾರದು, ಚಾಕು ಹಾಕಿದರೆ ಕುಯ್ಯಬೇಕು. ಎರಡೂ ಕಡೆ ಗೀರಿ, ಅದೇ ಮಣ್ಣಿನ ಗಟ್ಟಿ ಅಂಬಲಿ ಬಳಿದು ಒತ್ತಿ ಕೂರಿಸುವುದು. ಒಂದು ಒಣಗಿ ಇನ್ನೊಂದು ಹಸಿಯಿದ್ದರೆ ಅಂಟಿದ ಹಾಗೇ ಕಾಣುತ್ತದೆ, ವಾರದ ಮೇಲೆ ಕತ್ತಿನ ಸುತ್ತ ಕೂದಲೆಳೆಯಂಥ ಗೆರೆ ಮೂಡುತ್ತದೆ. ಆ ಗೆರೆ ಕಿಲ್ನ್‌ನೊಳಗೆ, ಸುಡುವ ಗೂಡಿನೊಳಗೆ, ಬಾಯಿ ಬಿಡುತ್ತದೆ. ತಲೆಯ ಟೊಳ್ಳಿಗೂ ಮೈಯ ಟೊಳ್ಳಿಗೂ ಒಂದು ತೂತು ಬಿಟ್ಟಿರಬೇಕು, ಉಸಿರಾಡಲು. ಬೆರಳುಗಳು ಮೊದಲು ಒಣಗುತ್ತವೆ; ಅವಕ್ಕೆ ಪ್ಲಾಸ್ಟಿಕ್ ಸುತ್ತದಿದ್ದರೆ ಮೈ ಒಣಗುವ ಹೊತ್ತಿಗೆ ಬೆರಳು ನೆಲದಲ್ಲಿರುತ್ತದೆ.

ಒಣಗಲು ಮೂರು ನಾಲ್ಕು ವಾರ. ಆಮೇಲೆ ಬೆಂಕಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತೇವೆ. ಇಲ್ಲಿ ದೊಣ್ಣೆಯೂ ಬೇಡ, ದಪ್ಪ ಜಾಗದಲ್ಲಿ ಉಳಿದ ಒಂದು ಚಮಚ ನೀರು ಸಾಕು. ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ. ದಾರಿ ಸಿಗದಿದ್ದರೆ ಮೂಗು, ಕೆನ್ನೆ ಸಿಡಿದುಹೋಗುತ್ತದೆ. ಅದಕ್ಕೇ 80–90 ಡಿಗ್ರಿಯಲ್ಲಿ ರಾತ್ರಿಯಿಡೀ ಹಿಡಿದು ನಿಲ್ಲಿಸುವುದು. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಸ್ಫಟಿಕ ಶಿಲೆಯ ಕಣ ಥಟ್ಟನೆ ಹಿಗ್ಗುತ್ತದೆ, ಆರುವಾಗ ಅದೇ ಜಾಗದಲ್ಲಿ ಥಟ್ಟನೆ ಕುಗ್ಗುತ್ತದೆ. ಹತ್ತುವಾಗಲೂ ಇಳಿಯುವಾಗಲೂ ಅಲ್ಲಿ ನಿಧಾನಿಸಬೇಕು. ಆತುರಕ್ಕೆ ಮುಚ್ಚಳ ತೆರೆದವರಿಗೆ ‘ಟಿಣ್’ ಎಂಬ ಸದ್ದು ಕೇಳಿಸುತ್ತದೆ. ಆ ಸದ್ದಿಗೆ ಮದ್ದಿಲ್ಲ. ಸ್ಟೋನ್‌ವೇರ್ ಬೇಯುವುದು 1200 ಡಿಗ್ರಿ ದಾಟಿದ ಮೇಲೆ. ಆ ಶಾಖದಲ್ಲಿ ಮಣ್ಣು ತುಸು ಮೆತ್ತಗಾಗುತ್ತದೆ, ಚಾಚಿದ ತೋಳು ಬಾಗುತ್ತದೆ, ಅದೇ ಮಣ್ಣಿನ ಊರೆಗೋಲು ಕೊಡಬೇಕು. ಪಾದದಡಿಯೂ ಅದೇ ಮಣ್ಣಿನ ಹಲಗೆ ಇಟ್ಟರೆ ಎರಡೂ ಒಟ್ಟಿಗೆ ಕುಗ್ಗುತ್ತವೆ. ಇಲ್ಲವಾದರೆ ಪಾದ ಎಳೆದುಕೊಂಡು ಬಿರಿಯುತ್ತದೆ. ಹಸಿಯಿದ್ದಾಗ ಒಂದು ಮೀಟರ್ ಇದ್ದ ಮಗು ಹೊರಗೆ ಬರುವಾಗ 88 ಸೆಂಟಿಮೀಟರಿನ ಆಸುಪಾಸು.

ಬೆಂಕಿ ಎಲ್ಲಿ ಅಂದಿರಲ್ಲ. ಇಷ್ಟೂ ಬೆಂಕಿಯೇ.

ಇನ್ನು ನೈಲಾನ್. ಸಿಮೊನ್ಸನ್ 1974ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದವರು. ಇರುವುದು ಫಿಸ್ಕಾರ್ಸ್ ಎಂಬ ಹಳ್ಳಿಯಲ್ಲಿ. 1649ರಲ್ಲಿ ಕಬ್ಬಿಣದ ಕಾರ್ಖಾನೆಯಾಗಿ ಶುರುವಾದ ಊರು. ಕಿತ್ತಳೆ ಹಿಡಿಯ ಕತ್ತರಿಯನ್ನು ಜಗತ್ತಿಗೆ ಕೊಟ್ಟ ಕಂಪನಿಯ ಹೆಸರೂ ಅದೇ. ಕಾರ್ಖಾನೆ ಬೇರೆಡೆಗೆ ಹೋದ ಮೇಲೆ ಖಾಲಿ ಕಟ್ಟಡಗಳಿಗೆ ಕಮ್ಮಾರರು, ಬಡಗಿಗಳು, ಕುಂಬಾರರು ಬಂದು ಸೇರಿದರು. ಸುತ್ತ ಕಾಡು. ಅಲ್ಲಿ ಬೇರೆಯವರ ಕಾಡಿಗೂ ಯಾರು ಬೇಕಾದರೂ ಹೋಗಿ ಹಣ್ಣು, ಅಣಬೆ ಕೊಯ್ದುಕೊಳ್ಳಬಹುದು. ಆದರೆ ಮಾಲೀಕರ ಒಪ್ಪಿಗೆಯಿಲ್ಲದೆ ಪಾಚಿ ಕೀಳುವಂತಿಲ್ಲ! ಇದನ್ನು ಓದಿದಾಗಿನಿಂದ ಆ ನೈಲಾನ್ ಪಾಚಿಯ ಮೇಲೆ ನನಗೆ ಇನ್ನಷ್ಟು ಪ್ರೀತಿ.

ಅವರ ಹಸಿರು ಹುಟ್ಟಿದ್ದು ಆಕಸ್ಮಿಕವಾಗಿ. ಕಪ್ಪು ಬಣ್ಣ ಬಳಿದ ಶಿಲ್ಪದ ಮೇಲೆ ಹಳದಿ ನೈಲಾನ್ ಎಳೆ ಹಾಕಿದರು, ಕಣ್ಣಿಗೆ ಕಂಡದ್ದು ಪಾಚಿ. ನೀವು ಬಣ್ಣ ಕಲಿಸಿದವರು, ಯೋಚಿಸಿ: ಹಸಿರು ಡಬ್ಬಿಯಲ್ಲಿಲ್ಲ. ಎಳೆ ದಟ್ಟವಾದರೆ ಬರೀ ಹಳದಿ, ವಿರಳವಾದರೆ ಬರೀ ಕಪ್ಪು. ನಡುವಿನ ಒಂದು ಸಾಂದ್ರತೆಯಲ್ಲಿ ಮಾತ್ರ, ನಿಮ್ಮ ಕಡೆಯ ಚಿರೆಕಲ್ಲಿನ ಗೋಡೆಗೆ ಜುಲೈ ತಿಂಗಳಲ್ಲಿ ಬರುವ ಆ ಬಣ್ಣ. ಅಂಟು ಬಳಿದು ಉದುರಿಸಿದರೆ ಆಯಿತು ಎಂದಿರಿ. ಒಡವೆ ಪೆಟ್ಟಿಗೆಯ ಒಳಮೈಗೆ ವೆಲ್ವೆಟ್ ಮಾಡುವ ಕಾರ್ಖಾನೆಯವರನ್ನು ಕೇಳಿ. ಅರ್ಧದಿಂದ ಒಂದು ಮಿಲಿಮೀಟರ್ ಉದ್ದದ ಎಳೆ. ಬರೀ ಕೈಯಲ್ಲಿ ಉದುರಿಸಿದರೆ ಹೊಟ್ಟಿನಂತೆ ಮಲಗಿಬಿಡುತ್ತದೆ. ನೆಟ್ಟಗೆ ನಿಲ್ಲಬೇಕಾದರೆ ಹತ್ತಾರು ಸಾವಿರ ವೋಲ್ಟಿನ ವಿದ್ಯುತ್ ಕ್ಷೇತ್ರದಲ್ಲಿ ಎಳೆಗೆ ಚಾರ್ಜ್ ಕೊಟ್ಟು ಹಾರಿಸಬೇಕು. ವಸ್ತುವಿಗೆ ಅರ್ತಿಂಗ್ ಇರಬೇಕು. ಸುಟ್ಟ ಮಣ್ಣಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಹಸಿ ಅಂಟಿನ ಪದರಕ್ಕೇ ತಂತಿ ಮುಟ್ಟಿಸಬೇಕು. ಅಂಟು ಒಣಗುವ ಮೊದಲು ಮುಗಿಯಬೇಕು. ಮೂಗಿನ ಹೊಳ್ಳೆ, ಕಂಕುಳಂಥ ಆಳಕ್ಕೆ ಕ್ಷೇತ್ರ ಇಳಿಯುವುದಿಲ್ಲ, ಅಲ್ಲಿ ಬೋಳು ಉಳಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಎಳೆ ಗಂಟು ಕಟ್ಟುತ್ತದೆ, ತೀರಾ ಒಣಗಿದರೆ ಹಾರುವುದೇ ಇಲ್ಲ. ಅಂಟು ಪೂರ್ತಿ ಕಚ್ಚಿದ ಮೇಲೆಯೇ, ಮಾರನೆಯ ದಿನ, ಹೆಚ್ಚುವರಿ ಎಳೆಯನ್ನು ಗಾಳಿಯಲ್ಲಿ ಊದಿ ತೆಗೆಯುವುದು.

ಫಲ ಏನು? ಗ್ಲೇಜಿನ ಮುಖದಲ್ಲಿ ಕಿಟಕಿಯ ಬೆಳಕು ಹೊಳೆದು ಮುಖ ಚೂರಾಗುತ್ತದೆ. ಎಳೆಯ ಮುಖ ಬೆಳಕು ಕುಡಿದುಬಿಡುತ್ತದೆ, ಹೊಳಪೇ ಇಲ್ಲ. ಕಣ್ಣುಗುಡ್ಡೆಯೂ ಅದೇ ಹಸಿರು. ಆಗ ಉಳಿಯುವುದು ಆಕಾರ ಒಂದೇ: ಬಾಗಿದ ಕತ್ತು, ಮೂಟೆ ಹೊತ್ತ ಬೆನ್ನು, ತಲೆಗೆ ಸಿಕ್ಕಿಸಿಕೊಂಡ ಗರಿ. ಅಡಗಲು ಜಾಗವಿಲ್ಲದ ಆಕಾರ. ಕಳಪೆ ಕೆಲಸವನ್ನು ಗ್ಲೇಜ್ ಎಷ್ಟೋ ಸಲ ಕಾಪಾಡಿದೆ, ಎಳೆ ಕಾಪಾಡುವುದಿಲ್ಲ. ಬಿಸಿಲಿಗೆ ಮಾಸುತ್ತದೆ, ದೂಳು ಹಿಡಿಯುತ್ತದೆ, ಮುಟ್ಟಿದರೆ ಸವೆಯುತ್ತದೆ ಎಂಬ ದೂರುಗಳಿದ್ದರೆ ಅವು ನ್ಯಾಯವಾದವು. ನೀವು ಅವನ್ನು ಎತ್ತಲಿಲ್ಲ.

ಸುಟ್ಟ ಮೇಲೆ ಹೊದಿಸುವುದು ಹೊಸ ಅಪಚಾರವೂ ಅಲ್ಲ. ಗ್ರೀಸಿನ ತನಗ್ರಾದ ಗೊಂಬೆಗಳಿಗೆ ಕ್ರಿಸ್ತಪೂರ್ವದಲ್ಲೇ ಬಿಳಿ ಮಣ್ಣು ಬಳಿದು ಸುಟ್ಟು, ಬಣ್ಣವನ್ನು ಆಮೇಲೆ ಹಚ್ಚುತ್ತಿದ್ದರು. ಬೆನ್ನಲ್ಲಿ ಉಸಿರಿನ ತೂತು ಇಂದಿಗೂ ಕಾಣುತ್ತದೆ. 1974ರಲ್ಲಿ ಚೀನಾದ ರೈತರು ಬಾವಿ ತೋಡುವಾಗ ಸಿಕ್ಕ ಮಣ್ಣಿನ ಸೈನಿಕರ ಮೈಮೇಲೆ ಇದ್ದದ್ದು ಅರಗಿನಂಥ ಮರದ ಹಾಲು, ಅದರ ಮೇಲೆ ಬಣ್ಣ. ಹೊರಗಿನ ಒಣ ಗಾಳಿ ತಾಕಿದ ನಿಮಿಷಗಳಲ್ಲೇ ಅದು ಸುರುಳಿ ಸುತ್ತಿ ಉದುರುತ್ತದೆ. ದೂರ ಏಕೆ, ಬಡಗಣ ಕರ್ನಾಟಕದಲ್ಲಿ ಆಷಾಢದ ಮಂಗಳವಾರ ಹೆಣ್ಣುಮಕ್ಕಳು ಕೂರಿಸುವ ಗುಳ್ಳವ್ವ ಬರೀ ಹಸಿ ಮಣ್ಣು, ಮೈಗೆ ಒತ್ತಿದ್ದು ಗುಲಗಂಜಿ. ಅವಳಿಗೆ ಗ್ಲೇಜ್ ಇಲ್ಲ, ಬೆಂಕಿಯೂ ಇಲ್ಲ. ಅವಳು ಅಪ್ರಾಮಾಣಿಕಳೇ?

ನಿಮ್ಮ ಮೇಲೆ ರೇಗಿ ಪ್ರಯೋಜನವಿಲ್ಲ, ಮೇಷ್ಟ್ರೇ. ತಪ್ಪು ನಮ್ಮಂಥವರದ್ದು. ಕಲೆಯ ಬಗ್ಗೆ ಕನ್ನಡದಲ್ಲಿ ಬರುವ ಬರಹ ತೆಗೆದು ನೋಡಿ: ‘ಅಸ್ಮಿತೆ’, ‘ಸಂವೇದನೆ’, ‘ಅನುಸಂಧಾನ’. ಗೋಡೆ ಎಷ್ಟು ದಪ್ಪ, ಎಷ್ಟು ಡಿಗ್ರಿಗೆ ಸುಟ್ಟದ್ದು, ಒಳಗೆ ಟೊಳ್ಳೋ ಗಟ್ಟಿಯೋ ಎಂಬುದು ಒಂದು ಸಾಲೂ ಇರುವುದಿಲ್ಲ. ಪ್ರದರ್ಶನದ ಚೀಟಿಯಲ್ಲಿ ‘ಮಿಶ್ರ ಮಾಧ್ಯಮ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಡುಗೆಯವನು ತಟ್ಟೆಯ ಮುಂದೆ ‘ಮಿಶ್ರ ಪದಾರ್ಥ’ ಎಂದು ಬರೆದಿಟ್ಟರೆ ಉಣ್ಣುತ್ತೀರಾ? ಅದೇ ಮಣ್ಣು ತಿಗರಿಯ ಮೇಲೆ ಮಡಕೆಯಾದರೆ ‘ಕರಕುಶಲ’, ಬಿಳಿ ಗೋಡೆಯ ಕೋಣೆಯಲ್ಲಿ ಮಗುವಾದರೆ ‘ಕಲೆ’. ಸ್ಪರ್ಧೆಯ ಅರ್ಜಿಯಲ್ಲೇ ಎರಡಕ್ಕೂ ಬೇರೆ ಬೇರೆ ಖಾನೆ, ಬಹುಮಾನದ ಮೊತ್ತವೂ ಬೇರೆ. ಸುರುಳಿ ಸುತ್ತುವ ಬೆರಳಿಗೆ ಈ ಖಾನೆ ಗೊತ್ತಿಲ್ಲ. ಕೆಲಸ ಹೇಗಾಯಿತೆಂದು ಯಾರೂ ಬರೆಯದಿದ್ದಾಗ ನೋಡುವವರಿಗೆ ತೊಗಲೊಂದೇ ಉಳಿಯುತ್ತದೆ, ನಿಮಗೆ ಉಳಿದ ಹಾಗೆ.

ನಿಮ್ಮ ಪತ್ರದ ಒಂದು ಮಾತಿಗೆ ಮಾತ್ರ ನಮ್ಮ ಬಳಿ ಸಮಜಾಯಿಷಿ ಇಲ್ಲ. ಚಿತ್ರದ ಕೆಳಗೆ ನಾವು ಹಾಕಿದ ‘ಪಿಂಗಾಣಿ’ ಎಂಬ ಪದ ತಪ್ಪು. ಪಿಂಗಾಣಿಯೆಂದರೆ ಬಿಳಿಯ ಕಯೊಲಿನ್ ಮಣ್ಣು, ತೆಳುವಾದಲ್ಲಿ ಬೆಳಕು ಹಾಯುವಂಥದ್ದು. ಆ ಮಕ್ಕಳು ಸ್ಟೋನ್‌ವೇರ್. ಚಿತ್ರದ ಅಡಿಬರಹ ಹೀಗಿರಬೇಕಿತ್ತು: ‘ಸ್ಟೋನ್‌ವೇರ್ ಮಣ್ಣು, ಕಪ್ಪು ಬಣ್ಣ, ಹಳದಿ ನೈಲಾನ್ ಎಳೆ, ಗರಿ’.