ವೀಟೊ ಹಾಕಿದರೆ ಮಸೂದೆ ಸಾಯುವುದಿಲ್ಲ
ಅಮೆರಿಕದ ಅಧ್ಯಕ್ಷರು ವೀಟೊ ಹಾಕಿದರೆ, ಅಂದರೆ ಸಹಿ ಹಾಕದೆ ತಿರಸ್ಕರಿಸಿದರೆ, ಮಸೂದೆ ಅಲ್ಲಿಗೇ ಮುಗಿಯಿತಾ ಎಂದು ಕೇಳಿದ್ದೀರಿ. ಇಲ್ಲ. ಅದು ಅಲ್ಲಿನ ಸಂಸತ್ತಿಗೆ, ಅಂದರೆ ಕಾಂಗ್ರೆಸ್ಸಿಗೆ, ವಾಪಸ್ ಹೋಗುತ್ತದೆ. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಿದ್ದರೆ ಸಹಿ ಇಲ್ಲದೆಯೇ ಕಾನೂನಾಗುತ್ತದೆ. 1973ರಲ್ಲಿ ಯುದ್ಧಾಧಿಕಾರ ನಿರ್ಣಯಕ್ಕೆ ನಿಕ್ಸನ್ ವೀಟೊ ಹಾಕಿದಾಗ ಆದದ್ದು ಹೀಗೇ. ಯುದ್ಧದ ವಿಷಯದಲ್ಲಿ ಅಧ್ಯಕ್ಷರಿಗೇ ಲಗಾಮು ಹಾಕುವ ಕಾನೂನು ಅದು, ದೊಡ್ಡ ಮಾತಲ್ವಾ?

ಆದರೆ ಅಷ್ಟು ಮತ ಕೂಡಿಸುವುದು ಬಹಳ ಕಷ್ಟ. ಫ್ರಾಂಕ್ಲಿನ್ ರೂಸ್‌ವೆಲ್ಟ್ 635 ಸಲ ವೀಟೊ ಹಾಕಿದರು, ಕಾಂಗ್ರೆಸ್ ಅದನ್ನು ಮೀರಿದ್ದು ಬರೀ 9 ಸಲ.

ಅಧ್ಯಕ್ಷರು ಸುಮ್ನೆ ಇಟ್ಟುಕೊಂಡರೂ, ಭಾನುವಾರ ಬಿಟ್ಟು 10 ದಿನ ಕಳೆದರೆ ಮಸೂದೆ ಕಾನೂನಾಗುತ್ತದೆ. ಅಷ್ಟರೊಳಗೆ ಅಧಿವೇಶನ ಮುಗಿದುಹೋದರೆ ಮಾತ್ರ ಸಾಯುತ್ತದೆ. ಇದೇ ಪಾಕೆಟ್ ವೀಟೊ. ಆಗ ಹೊಸದಾಗಿ ಮಸೂದೆ ತರದೆ ಬೇರೆ ದಾರಿಯಿಲ್ಲ.