ನಾಲ್ಕಾಣೆ ಪಾಲಿನ ಕುದುರೆ, ಮಲಕ್‌ಪೇಟೆಯ ಬಾಜಿ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ನಮಸ್ಕಾರ್ರಿ. ನಾವು ನಾಲ್ಕು ಮಂದಿ ದೋಸ್ತರು ಕೂಡಿ ಹೈದರಾಬಾದಿನಾಗ ಒಂದು ರೇಸ್ ಕುದುರಿ ಇಟ್ಟೀವ್ರಿ. ನಂದು ನಾಲ್ಕಾಣಿ ಪಾಲು. ಬರೋ ತಿಂಗಳು ಮಲಕ್‌ಪೇಟದಾಗ 1400 ಮೀಟರ್ ಓಡ್ತದ. ಆ ದಿನ ನಮ್ಮ ಕುದುರಿ ಮ್ಯಾಲ ರೊಕ್ಕ ಹಚ್ಚೋದು ಹೆಂಗ, ಎಷ್ಟು ಹಚ್ಚಬೇಕು, ಏನೇನು ನೋಡಬೇಕು, ಬಿಡಿಸಿ ಹೇಳ್ರಿ.
— ಪಾಲುದಾರರೊಬ್ಬರು, ಕಲಬುರಗಿ

ಉತ್ತರ: ಮಾಲೀಕರು ತಮ್ಮ ಕುದುರೆಯ ಮೇಲೆ ಬಾಜಿ ಕಟ್ಟಲು ಅಡ್ಡಿಯಿಲ್ಲ. ಜಾಕಿ ಕಟ್ಟುವಂತಿಲ್ಲ. ಜಾಕಿಯ ಪರವಾಗಿ ನೀವು ಕಟ್ಟಿದರೂ ತಪ್ಪೇ.

ಮೊದಲು ಎರಡು ವಹಿ ಇಡಿ. ಟ್ರೈನರ್ ಬಿಲ್ಲು, ಸೈಸನ (ಕುದುರೆ ನೋಡಿಕೊಳ್ಳುವವನ) ಸಂಬಳ, ನಾಲು, ಡಾಕ್ಟರು, ಎಂಟ್ರಿ ಫೀ ಒಂದು ವಹಿಯಲ್ಲಿರಲಿ, ಬಾಜಿಯ ಲೆಕ್ಕ ಇನ್ನೊಂದರಲ್ಲಿ. ಮೂರು ತಿಂಗಳ ಬಿಲ್ಲನ್ನು ಒಂದೇ ಓಟದಲ್ಲಿ ತೆಗೆಯುತ್ತೇವೆಂದು ಹೋದ ಪಾಲುದಾರರು ಬಾಜಿಯ ಮೊತ್ತವನ್ನು ಕುದುರೆಯ ತಾಕತ್ತು ನೋಡಿ ಗೊತ್ತುಮಾಡುವುದಿಲ್ಲ, ಬಾಕಿ ನೋಡಿ ಗೊತ್ತುಮಾಡುತ್ತಾರೆ. ಪಾಲುದಾರರ ಮನೆ ಮುರಿಯುವುದು ಇಲ್ಲೇ. ನಾಲ್ವರೂ ಕೂಡಿ ಕಟ್ಟುವುದಾದರೆ ಯಾರದೆಷ್ಟು ಎಂದು ಓಟಕ್ಕೆ ಮುಂಚೆಯೇ ಬರೆದಿಡಿ. ಗೆದ್ದ ಮೇಲೆ ‘ನಂದೂ ಇತ್ತು’ ಎನ್ನುವ ಮಾತು ಬರಬಾರದು.

ಹ್ಯಾಂಡಿಕ್ಯಾಪ್ (ಯಾವ ಕುದುರೆಗೆ ಎಷ್ಟು ತೂಕ ಎಂಬ ಪಟ್ಟಿ) ಬಂದ ದಿನವೇ ಕೆಲಸ ಶುರು. ಕುದುರೆಯ ಯೋಗ್ಯತೆಗೆ ಕೊಡುವ ರೇಟಿಂಗಿನ ಒಂದು ಅಂಕಕ್ಕೆ ಅರ್ಧ ಕಿಲೊ ತೂಕ. ಆ ಓಟದಲ್ಲಿ ಎಲ್ಲಕ್ಕಿಂತ ಮೇಲಿನ ಕುದುರೆ 45 ರೇಟಿಂಗಿನದಾಗಿ 60 ಕಿಲೊ ಹೊತ್ತರೆ, 38 ರೇಟಿಂಗಿನ ನಿಮ್ಮದು 56.5 ಕಿಲೊ ಹೊರುತ್ತದೆ. 1400ರಿಂದ 1600 ಮೀಟರಿಗೆ ಒಂದೂವರೆ ಕಿಲೊ ಎಂದರೆ ಸುಮಾರು ಒಂದು ಕುದುರೆ ಉದ್ದ ಎಂಬುದು ಬಳಕೆಯ ಲೆಕ್ಕ. ಹಿಂದಿನ ಓಟದಲ್ಲಿ ನಿಮ್ಮದರಷ್ಟೇ ತೂಕ ಹೊತ್ತು ನಿಮ್ಮದನ್ನು ಎರಡು ಉದ್ದದಿಂದ ಸೋಲಿಸಿದ ಕುದುರೆ ಈ ಸಲ ನಿಮಗಿಂತ ಮೂರು ಕಿಲೊ ಹೆಚ್ಚಿಗೆ ಹೊತ್ತರೆ ಕಾಗದದ ಮೇಲೆ ಇಬ್ಬರೂ ಸಮ. ನಿಮ್ಮದೇ ದೊಡ್ಡ ಅಂತರದಿಂದ ಗೆದ್ದು ರೇಟಿಂಗ್ ಏಳು ಅಂಕ ಏರಿದ್ದರೆ ಮೂರೂವರೆ ಕಿಲೊ ಹೊಸ ಹೊರೆ. ಗೆದ್ದ ಹುಮ್ಮಸ್ಸಿನಲ್ಲಿ ಮುಂದಿನ ಓಟಕ್ಕೆ ಇಮ್ಮಡಿ ಕಟ್ಟುವವರು ಇದನ್ನು ನೋಡುವುದೇ ಇಲ್ಲ.

ಆಮೇಲೆ ಬೆಳಗಿನ ಅಭ್ಯಾಸದ ಓಟ, ಅಂದರೆ ಟ್ರ್ಯಾಕ್‌ವರ್ಕ್. 1000 ಮೀಟರಿಗೆ 66 ಸೆಕೆಂಡು, ಕಡೆಯ 600ಕ್ಕೆ 39 ಎಂದು ಬರೆದಿರುತ್ತಾರೆ. ಓಟದ ವೇಗ ಎಂದರೆ 200 ಮೀಟರಿಗೆ ಸುಮಾರು 12 ಸೆಕೆಂಡು. 13 ಬಂದರೆ ಚುರುಕಿನ ಕೆಲಸ, 15 ಬಂದರೆ ನಿಧಾನದ ಕೆಲಸ. ಆದರೆ ಬರೀ ಸೆಕೆಂಡು ನೋಡಿ ಕುಣಿಯಬೇಡಿ. ಯಾವ ಮರಳಿನ ಟ್ರ್ಯಾಕಿನಲ್ಲಿ, ಒಳಗಂಚಿನಲ್ಲೋ ಹೊರಗಂಚಿನಲ್ಲೋ, ಮೇಲಿದ್ದವನು ಜಾಕಿಯೋ ಅಭ್ಯಾಸಕ್ಕಷ್ಟೇ ಓಡಿಸುವ ರೈಡಿಂಗ್ ಬಾಯೋ, ಚಾಬೂಕು ತೋರಿಸಿ ಓಡಿಸಿದ್ದೋ ಲಗಾಮು ಬಿಗಿಹಿಡಿದೇ ಬಂದದ್ದೋ, ಇವೆಲ್ಲ ಕೂಡಿದರೇನೇ ಆ ಅಂಕಿಗೆ ಅರ್ಥ. ಬಿಗಿ ಲಗಾಮಿನಲ್ಲಿ ಬಂದ 40 ಸೆಕೆಂಡು, ಒತ್ತಿ ತೆಗೆದ 38ಕ್ಕಿಂತ ಮೇಲು. ಟ್ರೈನರಿಗೆ ‘ಗೆಲ್ಲುತ್ತದಾ?’ ಎಂದು ಕೇಳಬೇಡಿ. ಕೆಲಸವಾದ ಸಂಜೆ ಕಾಳು ಪೂರಾ ತಿಂದಿತೇ, ಮರುದಿನ ಕಾಲಿನಲ್ಲಿ ಬಿಸಿ ಇತ್ತೇ, ಈ ದೂರ ಅದಕ್ಕೆ ಹೊಂದುತ್ತದೆಯೇ ಎಂದು ಕೇಳಿ. ಈ ಮೂರಕ್ಕೆ ನೇರ ಉತ್ತರ ಸಿಗುತ್ತದೆ.

ರೇಸಿನ ದಿನ ಬಸ್ಸಿನಲ್ಲಿ ಹೋದರೆ ಹೈದರಾಬಾದಿನ ದೊಡ್ಡ ಬಸ್ ನಿಲ್ದಾಣ ಎಂಜಿಬಿಎಸ್‌ನಲ್ಲಿ ಇಳಿದು ಮೆಟ್ರೊ ಹಿಡಿಯಿರಿ, ದಿಲ್‌ಸುಖ್‌ನಗರದ ಕಡೆಗೆ ಮುಂದಿನ ನಿಲ್ದಾಣವೇ ಮಲಕ್‌ಪೇಟೆ. ವಾಡಿ, ಸೇಡಂ, ತಾಂಡೂರು ಮೇಲಿನ ರೈಲಿಗೆ ಬರುವವರು ತಡವಾದರೂ ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್‌ ತಪ್ಪದಷ್ಟು ಸಮಯ ಇಟ್ಟುಕೊಂಡು ಹೊರಡಬೇಕು. ಹೋದ ಕೂಡಲೇ ರೇಸ್ ಬುಕ್ ತೆಗೆದುಕೊಂಡು ಕೊನೆಯ ಗಳಿಗೆಯ ಬದಲಾವಣೆಗಳನ್ನು ಬೋರ್ಡಿನಲ್ಲಿ ನೋಡಿ ಗುರುತು ಹಾಕಿ: ಹಿಂದೆ ಸರಿದ ಕುದುರೆ, ಜಾಕಿ ಬದಲು, ನಾಲು ಅಲ್ಯುಮಿನಿಯಮ್ಮೋ ಸ್ಟೀಲೋ, ಕಣ್ಣಿನ ಪಕ್ಕದ ಮರೆ (ಬ್ಲಿಂಕರ್ಸ್) ಮೊದಲ ಸಲವೋ. ನೆಲದ ಮೆತ್ತನೆ ತೋರುವ ಪೆನಿಟ್ರೋಮೀಟರ್ ಅಂಕಿಯನ್ನೂ ನೋಡಿ. ಮಳೆಗಾಲದ ಸೀಸನ್ನಿನಲ್ಲಿ ಬೆಳಗಿನ ಒಂದು ಜಡಿಮಳೆ ಎಲ್ಲ ಲೆಕ್ಕ ತಲೆಕೆಳಗು ಮಾಡುತ್ತದೆ. ನಿಮ್ಮ ಕುದುರೆ ಗಟ್ಟಿ ನೆಲದಲ್ಲೇ ಗೆದ್ದಿದ್ದರೆ ಆ ದಿನ ಬಾಜಿ ಅರ್ಧ ಮಾಡಿ, ಇಲ್ಲವೇ ಬಿಡಿ.

ಪ್ಯಾಡಕ್ಕಿನಲ್ಲಿ ಮಾಲೀಕರಿಗೆ ಒಳಗೆ ನಿಲ್ಲುವ ಅವಕಾಶವಿದೆ. ಬಹಳ ಮಂದಿ ಅಲ್ಲಿ ಫೋಟೊ ತೆಗೆಸಿಕೊಂಡು ಸಮಯ ಕಳೆಯುತ್ತಾರೆ. ನೀವು ಕುದುರೆಯ ಹಿಂಗಾಲಿನ ಸಂದಿ ನೋಡಿ. ಬಿಸಿಲಿಗೆ ಕುತ್ತಿಗೆ ತುಸು ಒದ್ದೆಯಾಗುವುದು ಸಹಜ. ತೊಡೆಸಂದಿಯಲ್ಲಿ ಸೋಪಿನಂಥ ಬಿಳಿ ನೊರೆ ಕಟ್ಟಿ ಸುರಿಯುತ್ತಿದ್ದರೆ ಅದು ಗಾಬರಿಯ ಬೆವರು, ಓಟಕ್ಕೆ ಮುಂಚೆಯೇ ಶಕ್ತಿ ಸೋರುತ್ತಿದೆ ಎಂದರ್ಥ. ಹಿಂಗಾಲಿನ ಗೊರಸು ಮುಂಗಾಲಿನ ಗುರುತು ದಾಟಿ ಬೀಳುತ್ತಿದೆಯೇ, ಅಂದರೆ ಹೆಜ್ಜೆ ಉದ್ದವಿದೆಯೇ ನೋಡಿ. ಮೈ ಹೊಳಪು, ಪಕ್ಕೆಲುಬಿನ ಕಡೆಯ ಎರಡು ಮೂರು ಗೆರೆ ತೆಳ್ಳಗೆ ಕಾಣುವುದು, ಪೃಷ್ಠದ ಸ್ನಾಯು ಎರಡಾಗಿ ಸೀಳಿದಂತೆ ಎದ್ದಿರುವುದು ತಯಾರಿಯ ಗುರುತು. ಬಾಲ ಸುಮ್ಮನೆ ಬಡಿಯುತ್ತಾ, ಸೈಸನನ್ನು ಎಳೆದಾಡುತ್ತಾ ಅಡ್ಡಡ್ಡ ನಡೆದರೆ ಕಾಯಿರಿ. ಹಿಂದೆ ಗೆದ್ದಾಗಲೂ ಹಾಗೇ ನಡೆದಿತ್ತೇ ಎಂಬುದು ನಿಮಗೇ ಗೊತ್ತಿರುತ್ತದೆ, ಹೊರಗಿನವರಿಗೆ ಗೊತ್ತಿರುವುದಿಲ್ಲ. ಪಾಲುದಾರನಿಗಿರುವ ನಿಜವಾದ ಲಾಭ ಇದೊಂದೇ: ಒಂದು ಕುದುರೆಯ ಮಾಮೂಲು ಸ್ವಭಾವ ಬಲ್ಲಿರಿ. ಉಳಿದ ಎಂಟು ಹತ್ತು ಕುದುರೆಗಳ ಬಗ್ಗೆ ನೀವೂ ಎಲ್ಲರಂತೆಯೇ.

ಅದಕ್ಕೇ ಬೇರೆ ಓಟಗಳಲ್ಲಿ ಆಡದೆ ಸುಮ್ಮನೆ ಕೂರಿ ಎನ್ನುತ್ತೇವೆ. ನಿಮ್ಮದು ಆರನೇ ಓಟವಾಗಿದ್ದರೆ ಮೊದಲಿನ ಐದರಲ್ಲಿ ಹೊತ್ತು ಹೋಗಲೆಂದು ಆಡಿ, ಆರನೆಯದು ಬರುವ ಹೊತ್ತಿಗೆ ಜೇಬು ಖಾಲಿಯಾಗಿರುತ್ತದೆ ಅಥವಾ ಹೋದದ್ದನ್ನು ತೆಗೆಯುವ ಹಟ ಹತ್ತಿರುತ್ತದೆ. ಸ್ವಂತ ಓಟದ ಹಣ ಬೇರೆ ಲಕೋಟೆಯಲ್ಲಿರಲಿ, ಪ್ಯಾಡಕ್ ನೋಡಿದ ಮೇಲಷ್ಟೇ ಒಡೆಯಿರಿ. ಮೊತ್ತ ಎಷ್ಟು ಎಂದು ಕೇಳಿದ್ದೀರಿ. ಇಡೀ ಸೀಸನ್ನಿನಲ್ಲಿ ಪೂರ್ತಿ ಹೋದರೂ ಮನೆ, ಅಂಗಡಿ, ಕುದುರೆಯ ಬಿಲ್ಲು ಯಾವುದೂ ಅಲುಗದಷ್ಟು ಹಣ ಮೊದಲು ಗೊತ್ತುಮಾಡಿ, ಒಂದು ಓಟಕ್ಕೆ ಅದರ ಇಪ್ಪತ್ತರಲ್ಲಿ ಒಂದು ಪಾಲು ದಾಟಬೇಡಿ. ಸಾಲ ತಂದು ಕಟ್ಟುವ ಮಾತು ಬೇಡವೇ ಬೇಡ.

ಇನ್ನೊಂದು ಮಾತು. ‘ಈ ಸಲ ಹಿಡಿ, ಮುಂದಿನ ಸಲ ಬಿಡು’ ಎಂದು ಜಾಕಿಗೋ ಟ್ರೈನರಿಗೋ ಹೇಳುವ ಹಕ್ಕು ಮಾಲೀಕರಿಗಿಲ್ಲ. ಪ್ರತಿ ಕುದುರೆಯೂ ತನ್ನ ಪೂರ್ತಿ ಯೋಗ್ಯತೆಗೆ ಓಡಲೇಬೇಕು. ಓಟದ ಮೇಲ್ವಿಚಾರಕರಾದ ಸ್ಟೀವರ್ಡ್‌ಗಳು ವಿಡಿಯೊ ತೆಗೆಸಿ ನೋಡುತ್ತಾರೆ, ಸಿಕ್ಕಿಬಿದ್ದರೆ ಮಾಲೀಕರನ್ನೂ ರೇಸಿನಿಂದ ಹೊರಹಾಕಬಹುದು.

ಪ್ರಶ್ನೆ: ಫೇವರಿಟ್ (ಗೆಲ್ಲುತ್ತದೆಂದು ಹೆಚ್ಚು ಮಂದಿ ನಂಬಿದ ಕುದುರೆ) ಮೇಲೆ ಕಟ್ಟಿ ಗೆದ್ದರೂ ಕೈಯಲ್ಲಿ ಏನೂ ಉಳಿಯುವುದಿಲ್ಲ. ಟೋಟ್ ಒಳ್ಳೆಯದೋ ಬುಕ್‌ಮೇಕರ್ ಒಳ್ಳೆಯವರೋ?
— ಯಾದಗಿರಿಯ ಓದುಗರು

ಉತ್ತರ: ಉಳಿಯದಿರುವುದಕ್ಕೆ ಕಾರಣ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಕುದುರೆ ರೇಸಿನ ಬಾಜಿಗೆ ಜಿಎಸ್‌ಟಿ ಶೇ 28ರಿಂದ 40ಕ್ಕೆ ಏರಿದೆ, ಅದೂ ಬಾಜಿಯ ಪೂರ್ತಿ ಮೊತ್ತದ ಮೇಲೆ. ಸಾವಿರ ಕಟ್ಟಲು ಕೈಯಿಂದ 1,400 ಹೋಗುತ್ತದೆ. ನೂರಕ್ಕೆ ನಲವತ್ತರ ಭಾವದ (ನೂರು ಕಟ್ಟಿದರೆ ಗೆಲುವು ನಲವತ್ತು) ಫೇವರಿಟ್ ಗೆದ್ದರೆ ಮರಳಿ ಬರುವುದು ಅದೇ 1,400. ಗೆದ್ದೂ ಸೊನ್ನೆ. ಸಮಸಮ ಭಾವದಲ್ಲಿ 2,000 ಬರುತ್ತದೆ, ಅಂದರೆ ಬಂಡವಾಳ ಉಳಿಯಬೇಕಾದರೂ ನೂರರಲ್ಲಿ 70 ಸಲ ಗೆಲ್ಲಬೇಕು. ಒಂದಕ್ಕೆ ಮೂರರ ಭಾವದಲ್ಲಿ 35 ಸಲ ಸಾಕು. ಆ ಕುದುರೆಗೆ ಅಷ್ಟು ಅವಕಾಶ ನಿಜಕ್ಕೂ ಇದೆಯೇ ಎಂದು ಕೇಳಿಕೊಂಡು, ಇಲ್ಲವೆನಿಸಿದರೆ ಸುಮ್ಮನೆ ಓಟ ನೋಡಿ.

ಬುಕ್‌ಮೇಕರ್ ಚೀಟಿಯಲ್ಲಿ ಬರೆದ ಭಾವವೇ ಕಾಯಂ, ಆಮೇಲೆ ಇಳಿದರೂ ನಿಮಗೆ ಅದೇ. ಟೋಟಿನಲ್ಲಿ ಎಲ್ಲರ ಹಣ ಒಂದು ಪೂಲಿಗೆ ಬಿದ್ದು, ಕಡಿತ ಹೋಗಿ, ಉಳಿದದ್ದು ಗೆದ್ದ ಟಿಕೆಟ್‌ಗಳಿಗೆ ಹಂಚಿಕೆ. ಡಿವಿಡೆಂಡ್ ಹತ್ತು ರೂಪಾಯಿಗೆ ಇಷ್ಟು ಎಂದು ಬರುತ್ತದೆ. ಪಾಲುದಾರರು ಇಲ್ಲಿ ಎಡವುತ್ತಾರೆ. ವಿನ್ ಪೂಲ್ ಎರಡು ಲಕ್ಷ, ಕಡಿತ ಶೇ 20, ನಿಮ್ಮ ಕುದುರೆಯ ಮೇಲೆ 40,000 ಎಂದಿಟ್ಟುಕೊಳ್ಳಿ. ಡಿವಿಡೆಂಡ್ ಹತ್ತಕ್ಕೆ 40. ನೀವು ಇನ್ನೂ 20,000 ಸುರಿದರೆ ಅದು 29ಕ್ಕೆ ಇಳಿಯುತ್ತದೆ. ನಿಮ್ಮ ಹಣವೇ ನಿಮ್ಮ ಭಾವ ಕೆಡಿಸಿತು. ಚಿಕ್ಕ ಬಾಜಿಗೆ ಟೋಟ್, ದೊಡ್ಡದಕ್ಕೆ ರಿಂಗಿನ (ಮೈದಾನದಲ್ಲಿ ಬುಕ್‌ಮೇಕರ್‌ಗಳು ಕೂರುವ ಜಾಗ) ಲೈಸೆನ್ಸ್ ಇರುವ ಬುಕ್‌ಮೇಕರ್, ಅದೂ ನಾಲ್ಕಾರು ಬೋರ್ಡು ಸುತ್ತಿ ನೋಡಿ. ತನಾಲಾ, ಜಾಕ್‌ಪಾಟ್‌ಗಳಲ್ಲಿ ಸ್ವಂತ ಕುದುರೆಯ ತಿಳಿವಳಿಕೆ ಕೆಲಸಕ್ಕೆ ಬರುವುದು ಬಲು ಕಡಿಮೆ. ಒಂದರಲ್ಲಿ ಮೊದಲ ಮೂವರ ಸರಿಯಾದ ಕ್ರಮ ಬೇಕು, ಇನ್ನೊಂದರಲ್ಲಿ ಸಾಲಾಗಿ ಹಲವು ಓಟಗಳ ವಿಜೇತರು ಬೇಕು.

ಪ್ರಶ್ನೆ: ಬಾಜಿಯಲ್ಲಿ ಗೆದ್ದದ್ದಕ್ಕೂ ಕುದುರೆ ಗೆದ್ದು ತಂದ ಬಹುಮಾನಕ್ಕೂ ಆದಾಯ ತೆರಿಗೆ ಒಂದೇ ರೀತಿಯೇ? ಬಾಜಿಯ ನಷ್ಟವನ್ನು ದಾಲ್‌ಮಿಲ್ಲಿನ ಲಾಭದಲ್ಲಿ ತೋರಿಸಬಹುದೇ?
— ಬೀದರ್ ಓದುಗರು

ಉತ್ತರ: ಒಂದೇ ಅಲ್ಲ. ಬಾಜಿಯ ಗೆಲುವಿಗೆ ನೇರ ಶೇ 30, ಮೇಲೆ ಶೇ 4 ಸೆಸ್, ಕೂಡಿ 31.2. ನಿಮ್ಮ ಉಳಿದ ಆದಾಯ ತೆರಿಗೆ ಮಿತಿಯ ಕೆಳಗಿದ್ದರೂ ಇದು ತಪ್ಪದು. ಬಸ್ ಚಾರ್ಜು, ಬುಕ್ಕು, ಸೋತ ಟಿಕೆಟು, ಯಾವ ಖರ್ಚನ್ನೂ ಕಳೆಯುವಂತಿಲ್ಲ. ಒಂದು ವ್ಯವಹಾರದ ಗೆಲುವು 10,000 ದಾಟಿದರೆ ಕೊಡುವಾಗಲೇ ಶೇ 30 ಟಿಡಿಎಸ್ ಹಿಡಿಯುತ್ತಾರೆ. ಒಂದಕ್ಕೆ ಮೂರರಲ್ಲಿ 5,000 ಕಟ್ಟಿ ಗೆದ್ದಿರೆನ್ನಿ: ಜಿಎಸ್‌ಟಿ ಕೂಡಿ ಕೊಟ್ಟದ್ದು 7,000, ಗೆಲುವು 15,000, ಟಿಡಿಎಸ್ 4,500, ಕೈಗೆ 15,500. ಉಳಿದದ್ದು 8,500. ಪ್ಯಾನ್ ಕೊಟ್ಟು ರಸೀದಿ ಇಟ್ಟುಕೊಳ್ಳಿ.

ಬಾಜಿಯ ನಷ್ಟವನ್ನು ಮಿಲ್ಲಿನ ಲಾಭಕ್ಕೂ ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ, ಅದು ಅಲ್ಲಿಗೇ ಮುಗಿಯಿತು. ಕುದುರೆ ಸಾಕುವ ಲೆಕ್ಕ ಬೇರೆ. ಬಹುಮಾನದ ಹಣದಿಂದ ಸಾಕಣೆಯ ಖರ್ಚು ಕಳೆಯಬಹುದು. ನಷ್ಟವಾದರೆ ನಾಲ್ಕು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು, ಆದರೆ ರೇಸ್ ಕುದುರೆ ಸಾಕಿದ ಆದಾಯದಲ್ಲಷ್ಟೇ ಹೊಂದಿಸಬೇಕು, ರಿಟರ್ನ್ ಗಡುವಿನೊಳಗೆ ಹಾಕಿರಬೇಕು. ಹಾಗಾಗಿ ಟ್ರೈನರಿನ ಪ್ರತಿ ಬಿಲ್ಲಿನಲ್ಲೂ ನಿಮ್ಮ ಪಾಲು, ಹೆಸರು, ಬ್ಯಾಂಕ್ ಪಾವತಿ ಇರಲಿ. ಕೈಮೇಲೆ ಕೊಟ್ಟ ನಗದನ್ನು ಲೆಕ್ಕದಲ್ಲಿ ತೋರಿಸುವುದು ಕಷ್ಟ.

ಪ್ರಶ್ನೆ: ಗೇಟಿನ ಹತ್ತಿರ ಹೋಗಿ ಕುದುರೆ ವಾಪಸಾದರೆ ನಮ್ಮ ಹಣ? ಇಬ್ಬರೂ ಸಮವಾಗಿ ಬಂದರೆ?
— ಹುಮನಾಬಾದ್ ಓದುಗರು

ಉತ್ತರ: ಓಟದಿಂದ ಹಿಂದೆ ಸರಿದು ವಾಪಸಾದ ಕುದುರೆಯ ವಿನ್ ಟಿಕೆಟ್ಟಿನ ಹಣ ಮರಳುತ್ತದೆ. ವಾಪಸಾದದ್ದು ಫೇವರಿಟ್ ಆಗಿದ್ದರೆ, ಬೇರೆ ಕುದುರೆಯ ಮೇಲೆ ಬುಕ್‌ಮೇಕರ್ ಬಳಿ ಮೊದಲೇ ಭಾವ ಹಿಡಿದವರ ಗೆಲುವಿನಲ್ಲಿ ಕಡಿತವಾಗುತ್ತದೆ. ಓಟ ಹಗುರಾಯಿತಲ್ಲ, ಅದಕ್ಕೆ. ಸಮವಾಗಿ ಬಂದರೆ ಬುಕ್‌ಮೇಕರ್ ಬಳಿ ನಿಮ್ಮ ಬಾಜಿಯ ಅರ್ಧಕ್ಕೆ ಮಾತ್ರ ಪೂರ್ತಿ ಭಾವ. ಓಟ ಮುಗಿದ ಕೂಡಲೇ ಟಿಕೆಟ್ ಹರಿಯಬೇಡಿ. ಆಬ್ಜೆಕ್ಷನ್ ಅಥವಾ ಸ್ಟೀವರ್ಡ್ಸ್ ಎನ್‌ಕ್ವೈರಿ ಎಂದರೆ ಮೊದಲ, ಎರಡನೇ ಸ್ಥಾನ ಅದಲುಬದಲಾಗಬಹುದು. ಜಾಕಿಗಳು ತೂಕಕ್ಕೆ ಕೂತು ಎಲ್ಲ ಸರಿ ಎಂದು ಘೋಷಣೆಯಾದ ಮೇಲಷ್ಟೇ ಹಣ.

ಪ್ರಶ್ನೆ: ಇಲ್ಲೇ ಒಬ್ಬರು ಫೋನಿನ ಮೇಲೆ ಜಿಎಸ್‌ಟಿ ಇಲ್ಲದೆ ಬಾಜಿ ಹಿಡಿಯುತ್ತಾರೆ. ಆಡಬಹುದೇ?
— ಶಹಾಪುರ ಓದುಗರು

ಉತ್ತರ: ಬೇಡ. ಲೈಸೆನ್ಸ್ ಇಲ್ಲದವರ ಬಳಿ ಬಾಜಿ ಅಪರಾಧ, ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕೆಳಗೆ ಕೇಸಾಗುತ್ತದೆ. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸನ್ನು ಕೌಶಲದ ಆಟ ಎಂದ ತೀರ್ಪು ಈ ಫೋನಿನ ಬುಕ್ಕಿಗೆ ರಕ್ಷಣೆಯಲ್ಲ. ದೊಡ್ಡ ಗೆಲುವು ಬಂದಾಗ ಅವನು ಕೊಡದಿದ್ದರೆ ದೂರು ಕೊಡಲೂ ಜಾಗವಿಲ್ಲ. ಬಾಕಿಯ ಮೇಲೆ ಆಡಿಸುವುದರಿಂದ ಸೋತದ್ದು ಎಷ್ಟೆಂದು ವಾರ ಮುಗಿಯುವವರೆಗೆ ತಿಳಿಯುವುದೂ ಇಲ್ಲ. ಕುದುರೆಯಲ್ಲಿ ಪಾಲಿರುವವರಿಗಂತೂ ಇಂಥ ಸಂಗವೇ ಪಾಲಿಗೆ ಕುತ್ತು.

ಪ್ರಶ್ನೆ: ಕಳೆದ ಓಟದಲ್ಲಿ ನಮ್ಮ ಕುದುರೆ ಕೊನೆಯ 300 ಮೀಟರಿನಲ್ಲಿ ಒಮ್ಮೆಲೇ ನಿಂತಂತಾಯಿತು. ಟ್ರೈನರ್ ‘ಬ್ಲೀಡ್ ಆಗಿದೆ’ ಎನ್ನುತ್ತಾರೆ. ಮತ್ತೆ ಬಾಜಿ ಕಟ್ಟಬಹುದೇ?
— ಬಸವಕಲ್ಯಾಣ ಓದುಗರು

ಉತ್ತರ: ಜೋರಾಗಿ ಓಡುವಾಗ ಕುದುರೆಯ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿ ಅವು ಒಡೆದು ರಕ್ತ ಗಾಳಿದಾರಿಗೆ ಬರುತ್ತದೆ. ಬಹುಪಾಲು ಸಲ ಮೂಗಿನಲ್ಲಿ ಏನೂ ಕಾಣುವುದಿಲ್ಲ. ಓಟವಾದ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿದರೆ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಹೇಳುತ್ತಾರೆ. ಆ ದರ್ಜೆಯ ವರದಿ ಕೈಗೆ ಕೇಳಿ ಪಡೆಯಿರಿ, ಮಾಲೀಕರಿಗೆ ಆ ಹಕ್ಕಿದೆ. ಒಂದು ಎಂದರೆ ದೊಡ್ಡ ಚಿಂತೆಯಿಲ್ಲ. ಮೂರು ನಾಲ್ಕು ಎಂದರೆ ಓಟದ ಮೇಲೇ ಪೆಟ್ಟು. ಮೂಗಿನಿಂದ ಹರಿದದ್ದು ಕಂಡರೆ ಕ್ಲಬ್ ಕಡ್ಡಾಯ ವಿಶ್ರಾಂತಿ ಹಾಕುತ್ತದೆ, ಮರುಕಳಿಸಿದರೆ ಅವಧಿ ಹೆಚ್ಚುತ್ತದೆ. ಈ ರಕ್ತಸ್ರಾವ ತಗ್ಗಿಸಲು ಕೊಡುವ ಫ್ಯೂರೊಸೆಮೈಡ್ ಮದ್ದಿನ ಅಂಶ ಓಟದ ದಿನ ಮೈಯಲ್ಲಿ ಇರಕೂಡದು, ಇದ್ದರೆ ಗೆದ್ದ ಬಹುಮಾನವೂ ಹೋಗುತ್ತದೆ.

ಲಾಯದ ಧೂಳು ಕಡಿಮೆ ಮಾಡಿಸಿ: ಹುಲ್ಲನ್ನು ನೀರಲ್ಲಿ ನೆನೆಸಿ ಕೊಡುವುದು, ಬೂಜು ಹಿಡಿದ ಹಾಸು ತೆಗೆಸುವುದು, ಗಾಳಿ ಆಡುವ ಕೋಣೆ. ವಿಶ್ರಾಂತಿಯ ಮೇಲೆ ಕನಿಷ್ಠ ಎರಡು ಚುರುಕು ಗ್ಯಾಲಪ್ ಆಗಿ, ಎರಡರ ನಂತರವೂ ಎಂಡೋಸ್ಕೋಪಿ ಶುದ್ಧ ಬಂದ ಮೇಲೆ ಓಡಿಸಲಿ. ಮರಳಿದ ಮೊದಲ ಓಟದಲ್ಲಿ ನಯಾಪೈಸೆ ಕಟ್ಟಬೇಡಿ, ಕೊನೆಯ 300 ಮೀಟರ್ ಹೇಗೆ ಮುಗಿಸುತ್ತದೆ ಎಂದಷ್ಟೇ ನೋಡಿ.